ಗೂಟದ ಮೇಲಿನ ಯಜಮಾನರು

ನನ್ನ ಅತ್ತಿಗೆ ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯುವವಳಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪು ಕೂರಿಸುವುದು, ಇಂಥವು. ಬೀದಿಯಲ್ಲಿ ಯಾರ ಹೊಟ್ಟೆ ಬೆಳೆಯಿತು, ಯಾರದು ಕರಗಿತು ಎಂಬುದು ಮೊದಲು ತಿಳಿಯುತ್ತಿದ್ದುದು ಅವಳಿಗೇ. ಆದರೆ ಬಾಯಿ ಬಿಡುವವಳಲ್ಲ. ನಮ್ಮ ಮನೆಯಲ್ಲಿ ಮಾತೆಲ್ಲ ನನ್ನ ಪಾಲಿಗೆ ಬಂದಿದೆ, ಮೌನವೆಲ್ಲ ಅವಳ ಪಾಲಿಗೆ. ಅಣ್ಣ ಇದ್ದಾಗ, ನಿಮ್ಮಿಬ್ಬರನ್ನೂ ಕಲಸಿ ಎರಡು ಮುದ್ದೆ ಮಾಡಿದರೆ ಎರಡು ಒಳ್ಳೆಯ ಹೆಂಗಸರಾಗುತ್ತಾರೆ ಎಂದು ನಗುತ್ತಿದ್ದ.

ಅಣ್ಣ ಹೋದದ್ದು ಜ್ವರದಲ್ಲಿ. ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅದರ ಮೇಲೆ ನಾವಿಬ್ಬರೂ ಆ ಮನೆ ಬಿಟ್ಟು, ನಮ್ಮ ಗುರುತೇ ಇಲ್ಲದ ಒಂದು ರಸ್ತೆಯಲ್ಲಿ ಅಂಗಡಿ ಹಿಡಿದೆವು. ಮುಂದೆ ಗಾಜಿನ ಬಾಗಿಲ ಕೋಣೆ, ಅದರಲ್ಲಿ ಮಷೀನು. ನಡುವೆ ಪರದೆ. ಪರದೆಯ ಹಿಂದೆ ಇಸ್ತ್ರಿ ಮೇಜು, ಒಲೆ, ನಮ್ಮ ಮಂಚಗಳು, ಪಕ್ಕದ ಓಣಿಗೆ ತೆರೆಯುವ ಹಿಂಬಾಗಿಲು. ಸಂಜೆ ಮುಂದಿನ ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿ, ಓಣಿ ಸುತ್ತಿ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದೆವು. ಅನ್ನವೂ ಅಲ್ಲೇ, ನಿದ್ದೆಯೂ ಅಲ್ಲೇ. ಅದು ಬಿಟ್ಟರೆ ನಮಗೆ ಬೇರೆ ನೆಲೆ ಇರಲಿಲ್ಲ.

ಗಾಜಿನ ಹಿಂದೆ ತಲೆ ಬಗ್ಗಿಸಿ ಕೂತ ಹೆಂಗಸು ಕಂಡರೆ ಬೀದಿಯ ಗಂಡಸರಿಗೆ ನಾಲಿಗೆ ತುರಿಸುತ್ತದೆ. ಅದೇನು ರೋಗವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅಂಗಡಿ ತೆರೆದ ಮೊದಲ ದಿನಗಳಲ್ಲೇ ಶುರುವಾಯಿತು. ಒಬ್ಬ ಬಾಗಿಲಲ್ಲಿ ನಿಂತು ನಮ್ಮದೂ ಅಳತೆ ತಗೊಳ್ತೀರಾ ಎಂದ. ಇನ್ನೊಬ್ಬ ಕತ್ತು ನೋಯುತ್ತೇನೋ, ಒತ್ತಬೇಕಾ ಎಂದ. ಬೈದರೆ ತಮಾಷೆಗೆ ಅಂದೆ ಎನ್ನುವರು, ಸುಮ್ಮನಿದ್ದರೆ ಒಪ್ಪಿದಳು ಎಂದುಕೊಳ್ಳುವರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಹೊರಟಾಗಲೆಲ್ಲ ಅತ್ತಿಗೆ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಒಂದು ಸಂಜೆ, ಗಿರಾಕಿಗಳು ಓಡಿಹೋಗುತ್ತಾರೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ತಾಳು ಎಂದಳು.

ಮರುದಿನ ಬೆಳಿಗ್ಗೆ ಅವಳು ಪೆಟ್ಟಿಗೆಯಿಂದ ಅಣ್ಣನ ಕಂದು ಕೋಟು ತೆಗೆದು, ಬೀದಿಗೆ ಕಾಣುವ ಹಾಗೆ ಮಷೀನಿನ ಪಕ್ಕದ ಗೂಟಕ್ಕೆ ನೇತುಹಾಕಿದಳು. ಕೆಳಗೆ ಅಣ್ಣನ ಬೂಟು ಇಟ್ಟಳು. ಮೊದಲ ಪೋಲಿ ಬಂದು ಹಲ್ಲು ಕಿರಿದಾಗ, ಪರದೆಯ ಕಡೆ ತಿರುಗಿ ಎಷ್ಟೋ ತಿಂಗಳಿಂದ ನಾನು ಕೇಳದ ದನಿಯಲ್ಲಿ, "ರೀ, ಸ್ವಲ್ಪ ಬರ್ತೀರಾ ಇಲ್ಲಿ?" ಎಂದಳು. ಒಳಗಿದ್ದ ನನಗೆ ಎದೆ ಧಸಕ್ಕೆಂದಿತು. ಏನು ಮಾಡಬೇಕೋ ತಿಳಿಯದೆ ಗಂಟಲು ದಪ್ಪ ಮಾಡಿಕೊಂಡು ಕೆಮ್ಮಿದೆ. ಪೋಲಿ ಮಾಯವಾದ. ನಾವಿಬ್ಬರೂ ಪರದೆಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅತ್ತಿಗೆ ಅತ್ತಳು, ನಾನೂ ಅತ್ತೆ.

ಅಂದಿನಿಂದ ಅಂಗಡಿಯಲ್ಲಿ ನನಗೆ ಎರಡು ಕೆಲಸ, ಇಸ್ತ್ರಿ ಮಾಡುವುದು ಮತ್ತು ಕೆಮ್ಮುವುದು. ಬೀದಿಯವರು ಹೊಲಿಗೆಯಮ್ಮನ ಗಂಡ ಎದೆಯ ಖಾಯಿಲೆಯವನು, ಒಳಗೇ ಕೂತು ಕೆಲಸ ಮಾಡುತ್ತಾನೆ, ಹೊರಗೆ ಬರುವವನಲ್ಲ ಎಂದು ತಾವೇ ತೀರ್ಮಾನಿಸಿಕೊಂಡರು. ನಾವು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಎದುರಿಗೆ ಬೀಗ ರಿಪೇರಿ ಮಾಡುವವನೊಬ್ಬನ ಅಂಗಡಿ ಇತ್ತು. ಬೀಗದವನು ಮಹಾ ಮರ್ಯಾದಸ್ಥ. ಅತ್ತಿಗೆಯನ್ನು ಅಕ್ಕ ಅಂತಲೇ ಕರೆಯುತ್ತಿದ್ದ, ಮುಖ ನೋಡಿ ಮಾತಾಡುತ್ತಿರಲಿಲ್ಲ, ಯಜಮಾನ್ರು ಹೇಗಿದಾರೆ ಎಂದು ದಿನವೂ ವಿಚಾರಿಸುತ್ತಿದ್ದ. ನನ್ನ ಕೆಮ್ಮು ಜೋರಾದ ದಿನ ಬಿಸಿನೀರಿನ ಹಬೆ ತಗೊಳ್ಳಲು ಹೇಳಿ ಕಳಿಸುತ್ತಿದ್ದ. ಕೋಟಿಗೆ ಬಾಯಿ ಇದ್ದಿದ್ದರೆ ಅವನಿಗೆ ಪ್ರತಿ ನಮಸ್ಕಾರ ಹೇಳುತ್ತಿತ್ತು.

ಹೀಗೆ ಒಂದು ವರ್ಷಕ್ಕೂ ಮೀರಿ ನೆಮ್ಮದಿಯಾಗಿ ನಡೆಯಿತು. ಆಮೇಲೆ ಆ ಸಂಭಾವಿತ ವಕ್ಕರಿಸಿದ.

ಹೆಸರು ಗೊತ್ತಿಲ್ಲದ್ದಕ್ಕೆ ನಾನೇ ಇಟ್ಟ ಹೆಸರು ಅದು. ಗರಿ ಮುರಿಯದ ಅಂಗಿ, ಹೊಳೆಯುವ ಬೂಟು, ಕಂಕುಳಲ್ಲಿ ಚರ್ಮದ ಚೀಲ. ಯಾವ ಕಚೇರಿಯಲ್ಲಾದರೂ ಕುರ್ಚಿ ಹಾಕಿ ಕೂರಿಸುವಂಥ ಮುಖ. ದಿನಾ ಮಧ್ಯಾಹ್ನ ನಮ್ಮ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದ. ಮೊದಲ ದಿನ ಅಂದದ್ದು ಇಷ್ಟೇ, ಇಷ್ಟು ಗಂಭೀರವಾಗಿದ್ದರೆ ಹೇಗಮ್ಮ, ಸ್ವಲ್ಪ ನಗಬಾರದಾ ಅಂತ. ಅತ್ತಿಗೆ ತಲೆ ಎತ್ತಲಿಲ್ಲ. ಮುಂದಿನ ಸಲ, ನಿನ್ನೆಯ ಹಸಿರು ಬಟ್ಟೆ ಇದಕ್ಕಿಂತ ಒಪ್ಪುತ್ತಿತ್ತು ಎಂದ. ಇನ್ನೊಂದು ದಿನ, ನಿನ್ನೆ ಮಾರ್ಕೆಟ್ಟಿಗೆ ಸುತ್ತಿ ಬಳಸಿ ಹೋದಿರಿ, ಸೇತುವೆಯ ದಾರಿ ಹತ್ತಿರ ಎಂದು ಬುದ್ಧಿ ಹೇಳಿದ. ಸೇತುವೆಯ ಮೇಲೆ ಅವನು ನಿಂತಿರುತ್ತಾನೆಂದೇ ಅತ್ತಿಗೆ ಸುತ್ತು ದಾರಿ ಹಿಡಿದಿದ್ದಳು.

ಅವನ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹಿಡಿದು ತೋರಿಸಿ ಜಗಳಕ್ಕೆ ನಿಲ್ಲೋಣವೆಂದರೆ ಒಂದು ಕೆಟ್ಟ ಪದ ಇರುತ್ತಿರಲಿಲ್ಲ. ಆದರೆ ಅತ್ತಿಗೆ ಹಸಿರು ಉಡುವುದನ್ನು ಬಿಟ್ಟಳು. ಆಮೇಲೆ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟಳು. ಮಧ್ಯಾಹ್ನ ಹತ್ತಿರ ಬಂದರೆ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಮಷೀನು ನಿಂತರೆ ಒಳಗೆ ನನಗೆ ಗೊತ್ತಾಗುತ್ತಿತ್ತು, ಅವನು ಬಂದ ಎಂದು. ನನಗೆ ಅವನ ಮೇಲೆ ಹೇಸಿಗೆ ಹುಟ್ಟಿತ್ತು. ಹೇಸಿಗೆಗಿಂತ ಹೆಚ್ಚಾಗಿ ಭಯ.

ತಡೆಯಲಾರದೆ ನಾನು ಬೀಗದವನ ಹತ್ತಿರ ಹೋಗಿ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, ನಾವು ಹೊರಗಿನವರು ಮೂಗು ತೂರಿಸಿದರೆ ಚೆನ್ನಾಗಿರುವುದಿಲ್ಲ, ಯಜಮಾನರಿಗೆ ಹೇಳಿ, ಅವರು ಬಾಗಿಲಿಗೆ ಬಂದು ಒಂದು ಮಾತು ಗದರಿದರೆ ಸಾಕು ಎಂದ. ನಾನು ಏನು ಹೇಳಲಿ? ನಮ್ಮ ಸುಳ್ಳು ಬಿಸಿತುಪ್ಪವಾಗಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಆಯ್ತು ಹೇಳ್ತೀನಿ ಎಂದು ಬಂದೆ.

ಆ ಸುಳ್ಳು ಒಡೆದದ್ದು ಅತ್ತಿಗೆಯ ಕೈಗುಣದಿಂದಲೇ. ಅವಳಿಗೆ ಬಟ್ಟೆಯ ಮೇಲೆ ಧೂಳು ಕೂತರೆ ಮೈಮೇಲೆ ಕೂತ ಹಾಗೆ. ಗೂಟದ ಕೋಟನ್ನು ವಾರಕ್ಕೊಮ್ಮೆ ಇಳಿಸಿ, ಬ್ರಶ್ಶು ಹಾಕಿ, ನನ್ನಿಂದ ಇಸ್ತ್ರಿ ಮಾಡಿಸಿ, ಹೆಗಲು ಸರಿಮಾಡಿ ಮತ್ತೆ ಹಾಕುತ್ತಿದ್ದಳು. ಬೇರೆ ಯಾವ ಹೆಂಗಸಾದರೂ ಕೋಟನ್ನು ಹಾಗೇ ಬಿಟ್ಟುಬಿಡುತ್ತಿದ್ದಳು. ಅದು ಮುದುರಿ, ಜೋತು, ದಿನಾ ಯಾರೋ ತೊಟ್ಟು ಬಿಚ್ಚಿದ ಕೋಟಿನ ಹಾಗೆ ಕಾಣುತ್ತಿತ್ತು. ನಮ್ಮ ಕೋಟು ಮದುಮಗನ ಕೋಟಿನಂತೆ ನಿಂತಿತ್ತು. ಒಂದು ಮಧ್ಯಾಹ್ನ ಸಂಭಾವಿತ ಗಾಜಿಗೆ ಮುಖ ಹತ್ತಿರ ತಂದು ಅದನ್ನೇ ಸ್ವಲ್ಪ ಹೊತ್ತು ನೋಡಿದ.

"ತೊಟ್ಟ ಕೋಟಿಗೆ ಮೊಣಕೈ ಹತ್ರ ಸುಕ್ಕು ಬೀಳುತ್ತೆ ಅಲ್ವಾ ಅಮ್ಮ? ನಿಮಗೆ ಗೊತ್ತಿಲ್ಲದ್ದೇನಲ್ಲ," ಎಂದ.

ಅವನು ಹೋದ ಮೇಲೆ ಅತ್ತಿಗೆ ಒಳಗೆ ಬಂದಳು. ಕೋಟನ್ನು ನನಗೆ ತೊಡಿಸಿದಳು. ಕೈ ಮಡಚು ಎಂದಳು, ಕೂರು ಎಂದಳು, ಏಳು ಎಂದಳು, ಅದನ್ನು ಹಾಕಿಕೊಂಡೇ ಕಸ ಗುಡಿಸು ಎಂದಳು. ಬೇರೆ ದಿನವಾಗಿದ್ದರೆ ನಾನು ಸಾವಿರ ತಮಾಷೆ ಮಾಡುತ್ತಿದ್ದೆ. ಅಣ್ಣನ ಕೋಟಿನಲ್ಲಿ ಇನ್ನೂ ಅವನ ಸೋಪಿನ ವಾಸನೆ ಇದೆಯೇನೋ ಅನ್ನಿಸಿ ಸುಮ್ಮನೆ ಗುಡಿಸಿದೆ. ಸುಕ್ಕೇನೋ ಬಿತ್ತು. ಮರುದಿನ ಅವನು ಬಂದು ನೋಡಿ, ಮುಗುಳ್ನಕ್ಕು, ಸುಕ್ಕು ಮೇಲೆ ಬಿದ್ದಿದೆಯಲ್ಲ, ಯಜಮಾನರ ಕೈ ಇಷ್ಟು ಗಿಡ್ಡವಾ ಎಂದು ಕೇಳಿದ. ಅತ್ತಿಗೆ ಹೆದರಿ, "ರೀ," ಎಂದು ಕೂಗಿದಳು. ನಾನು ಕೆಮ್ಮಿದೆ.

"ಇನ್ನೊಂದು ಸಲ ಕೆಮ್ಮಮ್ಮ," ಎಂದ ಅವನು, ಪರದೆಯ ಕಡೆ ನೋಡಿ.

ಇಷ್ಟು ದಿನ ಅವನಿಗೆ ನಾವು ಒಂದು ಗೋಡೆಯ ಆಚೆ ಇದ್ದೆವು. ಈಗ ಗೋಡೆ ಇಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು, ಬೀದಿಗೆ ಮಾತ್ರ ಗೊತ್ತಿಲ್ಲ. ಅಂಗಡಿ ಬಿಟ್ಟು ಬೇರೆ ಕಡೆ ಹೋಗೋಣ ಎಂದೆ. ಅಲ್ಲಿ ಬೀದಿ ಇರಲ್ವಾ ಎಂದು ಅತ್ತಿಗೆ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಅವನು ಮತ್ತೆ ಒಂದೆರಡು ದಿನ ಬರಲಿಲ್ಲ. ಬಂದ ದಿನ ನಾನು ಒಳಗೆ ಯಾರದೋ ಪ್ಯಾಂಟಿನ ಮೇಲೆ ನೀರು ಚಿಮುಕಿಸುತ್ತಿದ್ದೆ. ಮಷೀನು ನಿಂತಿತು. ಗಾಜಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಅತ್ತಿಗೆಯ ದನಿ ಇಲ್ಲ. ಪರದೆ ಸರಿಸಿ ನೋಡುತ್ತೇನೆ, ಅವನು ಗೂಟದಿಂದ ಕೋಟು ತೆಗೆದು ತೋಳು ತೂರಿಸುತ್ತಿದ್ದಾನೆ. ಹೆಗಲು ಕುಣಿಸಿ ಸರಿಮಾಡಿಕೊಂಡ. ಅತ್ತಿಗೆಯ ಸ್ಟೂಲನ್ನು ಎಳೆದುಕೊಂಡು ಬೀದಿಗೆ ಮುಖಮಾಡಿ ಕಾಲ ಮೇಲೆ ಕಾಲು ಹಾಕಿ ಕೂತ. ಅತ್ತಿಗೆ ಗೋಡೆಗೆ ಒರಗಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ಅಳತೆಗೇ ಹೊಲಿದ ಹಾಗಿದೆ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಒಂದು ಲೋಟ ನೀರು ತಗೊಂಬಾ," ಎಂದ.

ನನ್ನ ಅಣ್ಣನ ಕೋಟು ತೊಟ್ಟು ನನ್ನನ್ನೇ ತಂಗಿ ಎಂದವನನ್ನು ಸೀಳಿಬಿಡಬೇಕು ಅನ್ನಿಸಿತು. ಬಾಗಿಲಿಗೆ ಓಡಿ ಕಿರುಚಿದೆ. ಬೀಗದವನು ಕೈಯಲ್ಲಿ ಕೀ ಉಜ್ಜುವ ಅರ ಹಿಡಿದುಕೊಂಡೇ ರಸ್ತೆ ದಾಟಿ ಬಂದ. ಬದುಕಿದೆವು ಎಂದುಕೊಂಡೆ. ಅವನು ಒಳಗೆ ಇಣುಕಿದ. ಮುಖ ನೋಡಲಿಲ್ಲ, ಕೋಟು ನೋಡಿದ. ಅಲ್ಲೇ ಅವನ ಸೊಂಟ ಬಗ್ಗಿತು. ಓಹೋ, ಯಜಮಾನರು ಇವತ್ತು ಹೊರಗೆ ಕೂತಿದ್ದೀರಿ, ಆರೋಗ್ಯ ಹೇಗಿದೆ ಎಂದು ವಿಚಾರಿಸಿದ. ಸಂಭಾವಿತ ಎರಡು ಸಲ ಸಣ್ಣಗೆ ಕೆಮ್ಮಿ, ಪರವಾಗಿಲ್ಲಪ್ಪ, ಏನೋ ಮನೆ ಮಾತು ಎಂದ.

ಇವನು ಯಾರೋ ನಂಗೆ ಗೊತ್ತಿಲ್ಲ ಎಂದು ಅತ್ತಿಗೆ ಹೇಳಿದಳು. ಸ್ಪಷ್ಟವಾಗಿಯೇ ಹೇಳಿದಳು. ನಾನೂ ಇವನು ನನ್ನ ಅಣ್ಣನಲ್ಲ ಎಂದು ಕೂಗಿದೆ. ಬೀದಿಯಲ್ಲಿ ನಿಂತ ಒಬ್ಬಿಬ್ಬರು ನಕ್ಕರು. ಬೀಗದವನು ಮುಜುಗರದಿಂದ ಕಣ್ಣು ತಗ್ಗಿಸಿದ.

"ಸಿಟ್ಟಲ್ಲಿ ಹಂಗೆಲ್ಲ ಅನ್ಬಾರದಕ್ಕ. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನಾಲ್ಕು ಜನ ನೋಡೋದು ಚೆನ್ನಾಗಿರಲ್ಲ," ಎಂದವನೇ, ಕೈ ಎತ್ತಿ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಎಳೆದುಬಿಟ್ಟ. ನಮ್ಮ ಮರ್ಯಾದೆ ಕಾಪಾಡಿ ಹೋದ, ಪುಣ್ಯಾತ್ಮ.

ಅಂಗಡಿಯಲ್ಲಿ ಕತ್ತಲಾಯಿತು. ಕೆಳಗಿನ ಸಂದಿಯಲ್ಲಿ ಓಡಾಡುವ ಕಾಲುಗಳು ಕಾಣುತ್ತಿದ್ದವು. ಸಂಭಾವಿತ ಕೂತಲ್ಲೇ ನಿಟ್ಟುಸಿರು ಬಿಟ್ಟು, ಈಗ ಆರಾಮ ಎಂದ. ಸಾಯುವವರೆಗೂ ಅಂಥ ಭಯ ಮತ್ತೆ ಬೇಡ.

ಅತ್ತಿಗೆ ಗೋಡೆ ಬಿಟ್ಟು ಬಂದಳು. ಮೇಜಿನ ಮೇಲಿನ ದೊಡ್ಡ ಕತ್ತರಿ ತಗೊಂಡು, ಅವನ ಬೆನ್ನ ಹಿಂದೆ ಹೋಗಿ, ಕೋಟಿನ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಬೆನ್ನಿನ ನಡುಹೊಲಿಗೆಯ ಉದ್ದಕ್ಕೂ ಕತ್ತರಿ ಮೇಲೆ ಹೋಯಿತು. ದಪ್ಪ ಬಟ್ಟೆ ಕತ್ತರಿಸುವ ಆ ಸದ್ದನ್ನು ನಾನು ದಿನಾ ಕೇಳುವವಳು, ಆದರೂ ಮೈ ಜುಮ್ಮೆಂದಿತು. ಅವನು ಏಳಲು ನೋಡಿದ. ಅಷ್ಟರಲ್ಲಿ ಕತ್ತರಿ ಕಾಲರಿಗೆ ಬಂದಿತ್ತು, ಅದರ ತಣ್ಣನೆಯ ಅಲಗು ಅವನ ಹಿಂಗತ್ತಿಗೆ ತಾಗಿತು. ಅವನು ಅಲುಗಲಿಲ್ಲ. ಅತ್ತಿಗೆ ಅವಸರ ಮಾಡಲಿಲ್ಲ. ಕಾಲರು ದಪ್ಪ, ಅದಕ್ಕೆ ಎರಡು ಸಲ ಕತ್ತರಿ ಬೇಕಾಯಿತು. ಕೋಟು ಎರಡು ಹೋಳಾಗಿ ಅವನ ಎರಡೂ ತೋಳಿನಿಂದ ಜೋತುಬಿತ್ತು.

ಆಮೇಲೆ ಅವಳು ಶಟರನ್ನು ಮೇಲಕ್ಕೆ ದೂಡಿ ರಸ್ತೆಯ ನಡುವೆ ಹೋಗಿ ನಿಂತಳು. ಅತ್ತಿಗೆಯ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

"ನನ್ನ ಗಂಡ ಸತ್ತು ಎರಡು ವರ್ಷ ಆಯ್ತು. ಒಳಗಿರೋನು ಯಾರೋ."

ಅಣ್ಣ ಹೋದಾಗಿನಿಂದ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವನು ತೋಳಿನಿಂದ ಕೋಟಿನ ಹೋಳುಗಳನ್ನು ಕಳಚಿ ನೆಲಕ್ಕೆ ಹಾಕಿ, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದ. ಓಡಲಿಲ್ಲ. ಜನ ಅವನಿಗೆ ದಾರಿ ಬಿಟ್ಟರು, ಒಬ್ಬನಾದರೂ ಅಡ್ಡ ನಿಲ್ಲಲಿಲ್ಲ. ಠಾಣೆಗೆ ಹೋದೆವು. ಏನು ಕದ್ದ, ಎಲ್ಲಿ ಮುಟ್ಟಿದ ಎಂದು ಕೇಳಿದರು. ಕೋಟು ಕತ್ತರಿಸಿದ್ದು ಯಾರು ಎಂದು ಕೇಳಿ, ನಾನೇ ಎಂದು ಅತ್ತಿಗೆ ಹೇಳಿದ ಮೇಲೆ, ಮತ್ತೆ ದೂರೇನು ಎಂದು ಕಳಿಸಿಬಿಟ್ಟರು. ನಾನು ಅಲ್ಲಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಮರುದಿನ ಬೀಗದವನು ತಲೆ ತಗ್ಗಿಸಿ ಬಂದ. ತಪ್ಪಾಯಿತು, ಗೊತ್ತಾಗಲಿಲ್ಲ ಎಂದ. ಶಟರಿಗೆ ಗಟ್ಟಿಯಾದ ಹೊಸ ಬೀಗ ತಾನೇ ಹಾಕಿಕೊಡುತ್ತೇನೆ, ಕಾಸು ಬೇಡ ಎಂದ. ನನ್ನ ಸಿಟ್ಟು ಅರ್ಧ ಇಳಿಯಿತು. ಅವನು ಹೊಸ್ತಿಲಲ್ಲಿ ಕೂತು ಕೆಲಸ ಮಾಡಿದ, ಅತ್ತಿಗೆ ಮಷೀನಿಗೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆ ಎತ್ತಿದ. ಇಷ್ಟು ದಿನ ಅವನು ಅತ್ತಿಗೆಯ ಮುಖ ನೋಡಿರಲಿಲ್ಲ. ಈಗ ನೋಡಿದ, ಸಾವಕಾಶವಾಗಿ.

"ಹಂಗಾದ್ರೆ ಒಳಗೆ ಯಾರೂ ಇರ್ಲೇ ಇಲ್ವಾ? ರಾತ್ರಿ ನೀವಿಬ್ರೇ ಮಲಗೋದಾ?" ಎಂದು ಕೇಳಿದ. ಅಕ್ಕ ಎನ್ನಲಿಲ್ಲ.

ಮಷೀನು ನಿಂತಿತು. ಮೊದಲೇ ಹೇಳಿದ್ದರೆ ಆಗಾಗ ಬಂದು ವಿಚಾರಿಸಿಕೊಳ್ಳುತ್ತಿದ್ದೆನಲ್ಲ ಎಂದು ಅವನು ನಕ್ಕು, ಎರಡು ಕೀ ಅವಳ ಅಂಗೈಗೆ ಒತ್ತಿದ. ಒತ್ತಿದ ಕೈಯನ್ನು ತಕ್ಷಣ ತೆಗೆಯಲಿಲ್ಲ. ಅವನು ಹೋದ ಮೇಲೆ ಅತ್ತಿಗೆ ಸೋಪು ಹಾಕಿ ಕೈ ತೊಳೆದಳು. ನಾವಿಬ್ಬರೂ ಬಸ್ಸು ಹತ್ತಿ, ನಮ್ಮನ್ನು ಯಾರೂ ಅರಿಯದ ಒಂದು ಅಂಗಡಿಗೆ ಹೋಗಿ ದಪ್ಪ ಚಿಲಕ ತಂದೆವು. ಶಟರಿಗೆ ಒಳಗಡೆಯಿಂದ ನಾವೇ ಮೊಳೆ ಹೊಡೆದು ಕೂರಿಸಿದೆವು.

ಸಂಭಾವಿತ ಆ ರಸ್ತೆಗೆ ಮತ್ತೆ ಬರಲಿಲ್ಲ. ಅವನಿಲ್ಲದೆಯೂ ಬೀದಿ ಬದಲಾಗಿತ್ತು. ತಾಯಿ ಅನ್ನುತ್ತಿದ್ದವರು ಹೆಸರು ಕೇಳತೊಡಗಿದರು. ಪ್ಯಾಂಟು ಕೊಡಲು ಬಂದವರು ಕೊಟ್ಟ ಮೇಲೂ ನಿಲ್ಲತೊಡಗಿದರು. ಅತ್ತಿಗೆ ಕಂಡೂ ಕಾಣದ ಹಾಗೆ ಹೊಲಿಯುತ್ತಿದ್ದಳು. ಅವಳ ದವಡೆ ಬಿಗಿಯುವುದನ್ನು ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

ಒಂದು ಬೆಳಿಗ್ಗೆ, ಒಳಗಿನ ಚಿಲಕ ತೆಗೆಯುವ ಮೊದಲು ಹೊರಗಿನ ಬೀಗ ತೆಗೆಯಲು ಓಣಿ ಸುತ್ತಿ ಮುಂದೆ ಬಂದೆವು. ಹಿಂದಿನ ಸಂಜೆ ಅತ್ತಿಗೆ ಹಾಕಿ, ನಾನು ಎಳೆದು ನೋಡಿದ್ದ ಹೊಸ ಬೀಗ ಬಾಯಿ ತೆರೆದುಕೊಂಡು ಕೊಂಡಿಯಲ್ಲಿ ನೇತಾಡುತ್ತಿತ್ತು. ಮುರಿದ ಗುರುತಿಲ್ಲ, ಗೀರಿಲ್ಲ. ಶಟರು ಒಂದು ಬೆರಳಷ್ಟು ಮೇಲೆದ್ದು, ಒಳಗಿನ ಚಿಲಕಕ್ಕೆ ಸಿಕ್ಕಿ ಓರೆಯಾಗಿ ನಿಂತಿತ್ತು. ನಾನು ಅತ್ತಿಗೆಯ ತೋಳು ಹಿಡಿದುಕೊಂಡೆ, ನನ್ನ ಉಗುರು ಅವಳಿಗೆ ಚುಚ್ಚಿರಬೇಕು. ಅವಳು ಬೀಗವನ್ನು ಕೊಂಡಿಯಿಂದ ಕಳಚಿ ರಸ್ತೆ ದಾಟಿದಳು.

ಬೀಗದವನ ಅಂಗಡಿಯಲ್ಲಿ ಗಿರಾಕಿಗಳು ಇದ್ದರು. ಅವನು ಎದ್ದು ನಿಂತು, ಏನಕ್ಕ ಇಷ್ಟು ಬೇಗ ಎಂದು ಎಲ್ಲರಿಗೂ ಕೇಳುವ ಹಾಗೆ ಮರ್ಯಾದೆಯಿಂದ ಕೇಳಿದ. ಅತ್ತಿಗೆ ಬೀಗವನ್ನೂ ಎರಡು ಕೀಗಳನ್ನೂ ಅವನ ಮೇಜಿನ ಮೇಲಿಟ್ಟಳು.

"ಮೂರನೇ ಕೀನೂ ಇದರ ಜೊತೆಗೇ ಇಡಿ," ಎಂದಳು.

ಯಾವ ಕೀ ಎಂದ ಅವನು. ಅನ್ನುತ್ತಿದ್ದ ಹಾಗೆಯೇ, ಎಲ್ಲರೂ ನೋಡುತ್ತಿರುವಾಗ, ಅವನ ಕೈ ಅಂಗಿಯ ಜೇಬನ್ನು ಮುಚ್ಚಿಕೊಂಡಿತು.